ಮಂಕಾಗಿ ಕೂತ ‘ಸರಿ’

ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಹೇಳುವ ಯೋಗ್ಯತೆ ನನಗಿಲ್ಲ ಎಂಬುದೂ ಗೊತ್ತು, ಏಕೆಂದರೆ ಬದುಕಿಡೀ ನಾನು ಮಾಡಿದ್ದು ಅದನ್ನೇ. ಮದುವೆ ಕುದುರಿಸುವುದು ನನ್ನ ಕಸುಬು. ಪುತ್ತೂರಿನಿಂದ ಕಡಬದವರೆಗೆ, ಆಚೆ ಸುಳ್ಯದವರೆಗೆ, ನಾನು ಹತ್ತದ ಜಗಲಿ ಕಡಿಮೆ. ಹುಡುಗಿಯ ಹಲ್ಲು ಮುಂದೆ ಬಂದಿದೆಯಾ, ಹುಡುಗ ಕುಡಿಯುತ್ತಾನಾ, ಅತ್ತೆಯ ಬಾಯಿ ಹೇಗೆ, ಮನೆಯಲ್ಲಿ ಯಾರಿಗಾದರೂ ತಲೆ ಕೆಟ್ಟದ್ದುಂಟಾ, ಎಲ್ಲವನ್ನೂ ಅವರದೇ ಕಾಫಿ ಕುಡಿಯುತ್ತಾ ಕೇಳಿದ್ದೇನೆ. ನಾಚಿಕೆಪಟ್ಟರೆ ಈ ಕಸುಬು ನಡೆಯುವುದಿಲ್ಲ. ಮದುವೆ ಆದ ಮೇಲೂ ಕೆಲವು ತಾಯಂದಿರು ನನ್ನ ಕೋಣೆಯ ಮೆಟ್ಟಿಲು ಹತ್ತಿ ಬಂದು, “ಲೀಲಕ್ಕ, ಅಳಿಯನ ಕಡೆಯವರು ಅಷ್ಟಕ್ಕಷ್ಟೆ. ಇದಕ್ಕಿಂತ ಒಳ್ಳೆಯ ಸಂಬಂಧ ಆಗ ಇರ್ಲಿಲ್ವಾ?” ಎಂದು ಗುಟ್ಟಿನಲ್ಲಿ ಕೇಳುವುದುಂಟು. ಅಂಥವರನ್ನು ಬಂದ ಮೆಟ್ಟಿಲಲ್ಲೇ ಇಳಿಸುತ್ತೇನೆ. ಧಾರೆ ಎರೆದ ಮೇಲೆ ಹುಡುಕಾಟ ಮುಗಿಯಿತು. ಮುಗಿಯದ ಬುದ್ಧಿಗೆ ನನ್ನಲ್ಲಿ ಮದ್ದಿಲ್ಲ.

ನಾನು ಕಲಿತದ್ದು ಮೂರನೇ ಕ್ಲಾಸು. ಬರೆದಿಡುವ ಅಭ್ಯಾಸ ಮೊದಲಿನಿಂದಲೂ ಇಲ್ಲ, ಎಲ್ಲ ತಲೆಯಲ್ಲೇ. ಯಾರ ಮಗಳು, ಯಾವ ನಕ್ಷತ್ರ, ಯಾವ ಬಳಿ. ಬಳಿ ಎಂದರೆ ನಮ್ಮಲ್ಲಿ ತಾಯಿಯ ಕಡೆಯಿಂದ ಇಳಿದು ಬರುವ ಕುಲ. ಒಂದೇ ಬಳಿಯವರು ಅಣ್ಣತಂಗಿಯರ ಲೆಕ್ಕ, ಮದುವೆ ಆಗುವಂತಿಲ್ಲ. ಇಷ್ಟು ವರ್ಷ ಇದೆಲ್ಲ ಹಿಡಿದಿಟ್ಟ ತಲೆ ಈಚೆಗೆ ಸೋರತೊಡಗಿತು. ಸವಣೂರಿನ ಒಬ್ಬ ಹುಡುಗನನ್ನು ಕಡಬದ ಕಡೆಗೆ ಹೆಣ್ಣು ನೋಡಲು ಕರೆದುಕೊಂಡು ಹೋದೆ. ಉಪ್ಪಿಟ್ಟು ಆಯಿತು, ಕಾಫಿ ಆಯಿತು, ಹುಡುಗ ಹುಡುಗಿ ಹಿತ್ತಿಲಿಗೆ ಹೋಗಿ ಮಾತಾಡಿ ನಗುತ್ತಾ ಒಳಗೆ ಬಂದದ್ದೂ ಆಯಿತು. ಆಗ ಮೂಲೆಯಲ್ಲಿ ಎಲೆ ಜಗಿಯುತ್ತಿದ್ದ ಹುಡುಗಿಯ ಅಜ್ಜಿ, “ಎಂತ ಲೀಲಾ, ಅಣ್ಣನನ್ನು ತಂಗಿಗೆ ತೋರಿಸ್ಲಿಕ್ಕೆ ಬಂದದ್ದಾ?” ಎಂದಳು. ಇಬ್ಬರದೂ ಒಂದೇ ಬಳಿ! ವಾಪಸು ಬರುವಾಗ ಜೀಪಿನಲ್ಲಿ ಆ ಹುಡುಗ ತಿರುಗಿ ತಿರುಗಿ ಹಿಂದಕ್ಕೇ ನೋಡುತ್ತಿದ್ದ. ಪಾಪ, ಅವನಿಗೆ ಹುಡುಗಿ ಹಿಡಿಸಿದ್ದಳು.

ಪುತ್ತೂರು ಪೇಟೆಯಲ್ಲಿ ನನ್ನ ಕೋಣೆ ಇರುವುದು ಒಂದು ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ. ಪಕ್ಕದ ಕೋಣೆಯಲ್ಲಿ ಮಿಸ್ರಿಯಾ ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ. ಕುಂಬ್ರದ ಬ್ಯಾರಿ ಮುಸ್ಲಿಮರ ಮನೆಯವಳು, ಗಂಡ ಗಲ್ಫಿನಲ್ಲಿ. ರಬ್ಬರಿನ ಅಂಗಡಿ, ಅಡಿಕೆ ಅಂಗಡಿಯವರಿಗೆಲ್ಲ ಪ್ರೋಗ್ರಾಮ್ ಬರೆದುಕೊಡುವುದೂ ಅವಳ ಕೆಲಸ. ನನ್ನ ಅಣ್ಣತಂಗಿ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ, “ಅಕ್ಕ, ನಿಮಗೂ ಒಂದು ಪ್ರೋಗ್ರಾಮ್ ಮಾಡಿ ಕೊಡ್ತೇನೆ. ಮೊಬೈಲಿಗೇ ಹಾಕುವಾ?” ಎಂದಳು.

“ಬೇಡ ಮಾರಾಯ್ತಿ. ಹೆಣ್ಣುಮಕ್ಕಳ ಜಾತಕ ಊರೆಲ್ಲ ತಿರುಗುದು ಬೇಡ. ಮೇಜಿನ ಮೇಲೆ ಇಟ್ರೆ ಮೇಜಿನ ಮೇಲೆಯೇ ಇರುವಂಥದ್ದು ಮಾಡು.”

ಹಾಗೆಯೇ ಮಾಡಿಕೊಟ್ಟಳು. ಯಾರೋ ಸೈಬರ್ ಅಂಗಡಿ ಮುಚ್ಚಿದವರ ಹಳೆ ಕಂಪ್ಯೂಟರು ನನ್ನ ಮೇಜಿಗೆ ಬಂತು. ಅದರೊಳಗೆ ಪೆಟ್ಟಿಗೆಯ ಮೇಲೆ ಪೆಟ್ಟಿಗೆ. ಪ್ರಶ್ನೆ ಕೇಳಲು ನಮ್ಮ ಮುಖದ ಮುಂದೆ ಎದ್ದು ನಿಲ್ಲುವ ಪೆಟ್ಟಿಗೆಗೆ ಡಯಲಾಗ್ ಬಾಕ್ಸ್ ಎಂದು ಹೆಸರಂತೆ. ಹೆಸರೇನು, ಬಳಿ ಯಾವುದು, ಹುಟ್ಟಿದ ವರ್ಷ ಯಾವುದು ಎಂದು ಕೇಳುತ್ತದೆ. ಎಲ್ಲ ಜಾಗ ತುಂಬಿದರೆ ಮಾತ್ರ ಕೆಳಗಿರುವ ‘ಸರಿ’ ಎಂಬ ಗುಂಡಿ ಹೊಳೆಯುವುದು, ಒತ್ತಿದರೆ ಹೊಂದುವ ಜೋಡಿ ತೋರಿಸುವುದು. ಒಂದು ಬಿಟ್ಟರೂ ಅದು ಮಂಕಾಗಿ ಕೂರುತ್ತದೆ, ಒತ್ತಿದರೂ ಇಲ್ಲ, ಕುಟ್ಟಿದರೂ ಇಲ್ಲ. ಹೆಣ್ಣಿನ ಕಡೆಯವರು ಏನನ್ನೋ ಮುಚ್ಚಿಟ್ಟಿದ್ದಾರೆ ಎಂದು ವಾಸನೆ ಹಿಡಿದ ಗಂಡಿನ ಸೋದರಮಾವ ಕೂರುವುದು ಹೀಗೆಯೇ.

ಒಂದು ದಿನ ಏನು ಒತ್ತಿದರೂ ‘ಟಿಂಗ್’ ಎನ್ನಲು ಸುರುಮಾಡಿತು. ಎದುರಿಗೆ ಪ್ರಶ್ನೆ ಇಲ್ಲ, ಏನಿಲ್ಲ, ಬರೀ ಟಿಂಗ್. ಬೈದೆ. ಮತ್ತೆ ಟಿಂಗ್. ನನ್ನ ಗಂಡ ಕುಡಿದು ಬಂದ ದಿನ ಹೀಗೆಯೇ ಏನು ಹೇಳಿದರೂ ಒಂದೇ ಸ್ವರ ತೆಗೆಯುತ್ತಿದ್ದ, ಕೊನೆಗೆ ಅದರಲ್ಲೇ ಹೋದ. ಮಿಸ್ರಿಯಾಳನ್ನು ಕೂಗಿದೆ. ಅವಳು ಬಂದು ಅದೇನೋ ಸರಿಸಿ ನೋಡಿ, “ಅಕ್ಕ, ಅದು ನಿಮ್ಮತ್ರ ಒಂದು ಪ್ರಶ್ನೆ ಕೇಳ್ತಾ ಉಂಟು. ಪ್ರಶ್ನೆಯ ಪೆಟ್ಟಿಗೆ ದೊಡ್ಡ ಪೆಟ್ಟಿಗೆಯ ಹಿಂದೆ ಅಡಗಿದೆ. ಅದಕ್ಕೆ ಉತ್ತರ ಕೊಡದೆ ಬೇರೆ ಕೆಲಸಕ್ಕೆ ಬಿಡುದಿಲ್ಲ” ಎಂದಳು.

“ಹಿಂದೆ ಕೂತು ಕೇಳುದೆಂತಕ್ಕೆ? ಮುಂದೆ ಬಂದು ಕೇಳ್ಲಿಕ್ಕೆ ಹೇಳು.”

“ಯಾರ ಮುಂದೆ ನಿಲ್ಬೇಕು ಅಂತ ನಾನು ಅದಕ್ಕೆ ಹೇಳಿಕೊಡ್ಲಿಲ್ಲ ಅಕ್ಕ. ಈಗ ಹೇಳ್ತೇನೆ.”

ನಮ್ಮ ಮನೆಯಲ್ಲೂ ಹಾಗೆ ಒಂದು ಪ್ರಶ್ನೆ ಹಿಂದೆ ಅಡಗಿ ಕೂತಿತ್ತು. ಅದನ್ನು ಹೇಳುವ ಮೊದಲು ನಮ್ಮ ಕಡೆಯ ಒಂದು ಕ್ರಮ ಹೇಳಬೇಕು. ಇಲ್ಲಿ ಮದುವೆಯಾಗದೆ ತೀರಿಹೋದ ಮಕ್ಕಳಿಗೂ ಮದುವೆ ಮಾಡುತ್ತಾರೆ. ಸತ್ತ ಹುಡುಗಿಗೆ ಸತ್ತ ಹುಡುಗನನ್ನೇ ನೋಡಬೇಕು. ಬಳಿ ಬೇರೆ ಇರಬೇಕು, ಹುಟ್ಟಿದ ವರ್ಷ ಹೊಂದಬೇಕು, ಎರಡೂ ಮನೆಯವರು ಒಪ್ಪಬೇಕು. ಮಾಡದೆ ಬಿಟ್ಟರೆ ಮನೆಯಲ್ಲಿ ಬದುಕಿರುವವರ ಮದುವೆ ನಿಲ್ಲುತ್ತದೆ ಎನ್ನುತ್ತಾರೆ. ಇಂಥವನ್ನೂ ನಾನು ಕುದುರಿಸಿದ್ದೇನೆ. ನಿಜ ಹೇಳಬೇಕಾದರೆ ಬದುಕಿರುವವರಿಗಿಂತ ಸತ್ತವರ ಸಂಬಂಧ ಸುಲಭ. ಹುಡುಗನ ಕೆಲಸ ಕೇಳುವಂತಿಲ್ಲ, ಹುಡುಗಿಗೆ ಮೀನು ಕೊಯ್ಯಲು ಬರುತ್ತದಾ ಎಂದು ನೋಡುವಂತಿಲ್ಲ, ಜಗಳ ಮಾಡಿ ತವರಿಗೆ ಓಡಿ ಬರುವವರಿಲ್ಲ. ನೀನು ಇದನ್ನೆಲ್ಲ ನಂಬುತ್ತೀಯಾ ಎಂದರೆ, ನಂಬುವುದು ನನ್ನ ಕಸುಬಲ್ಲ. ಕೇಳಿದವರಿಗೆ ಹುಡುಕಿಕೊಡುತ್ತೇನೆ.

ನನ್ನ ಮಗನ ಮಗಳಿಗೆ ಸಂಬಂಧ ನೋಡಲು ಸುರುಮಾಡಿದೆವು. ಮಾತು ನಿಶ್ಚಯದವರೆಗೆ ಬಂದು ಒಂದು ತಪ್ಪಿತು. ಹಾಗೆಯೇ ಇನ್ನೊಂದೂ ತಪ್ಪಿತು. ಊರಿಗೆಲ್ಲ ಗಂಡು ಹುಡುಕುವವಳ ಮನೆಯಲ್ಲೇ ಹೀಗಾಯಿತು ಎಂದು ಜನ ಸಂತೋಷಪಟ್ಟರು. ಮಗ ಜೋಯಿಸರಲ್ಲಿ ಹೋಗಿ ಪ್ರಶ್ನೆ ಇಡಿಸಿದ. ನಿಮ್ಮಲ್ಲಿ ಒಂದು ಹೆಣ್ಣು ಹಾಗೆಯೇ ಕೂತಿದೆ ಎಂದು ಕವಡೆಯಲ್ಲಿ ಬಂತು. ಮನೆಗೆ ಬಂದವನು ಚಪ್ಪಲಿ ಕಳಚುತ್ತಾ, “ಅಮ್ಮ, ನನಗೆ ತಂಗಿ ಒಂದು ಇತ್ತಲ್ಲ?” ಎಂದ.

ಇತ್ತು. ಅವನ ಬೆನ್ನಿಗೆ ಹುಟ್ಟಿದ್ದು, ಹೆಸರಿಡುವ ಮೊದಲೇ ಜ್ವರ ಬಂದು ಹೋದದ್ದು. ಸಂಜೆಯೊಳಗೆ ಹುಗಿದು ಬಂದರು. ಬಾಣಂತಿಯ ಮೈ ಆರುವ ಮೊದಲೇ ನಾನು ಕೂಲಿಗೆ ಹೋದೆ, ಹೋಗದಿದ್ದರೆ ನಡೆಯುತ್ತಿರಲಿಲ್ಲ. ಎಷ್ಟೋ ಜನರ ಸತ್ತ ಮಕ್ಕಳಿಗೆ ಜೊತೆ ಹುಡುಕಿದವಳಿಗೆ ತನ್ನದರ ನೆನಪು ಬರಲಿಲ್ಲವೇ ಎಂದು ನೀವು ಕೇಳಬಹುದು. ಕೇಳಬೇಡಿ. ಕೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ.

ಮರುದಿನ ಯಾರಿಗೂ ಹೇಳದೆ ಕೋಣೆಗೆ ಬಂದು ಒಂದು ಬೆರಳಿನಲ್ಲಿ ಒತ್ತುತ್ತಾ ಕೂತೆ. ಬಳಿ ಸುಲಭ, ನನ್ನದೇ. ಹುಟ್ಟಿದ ವರ್ಷ ಗೊತ್ತಿತ್ತು. ಹೆಸರಿನ ಜಾಗ ಖಾಲಿ ಬಿಟ್ಟೆ. ‘ಸರಿ’ ಮಂಕಾಗಿ ಕೂತಿತು. ‘ಕೂಸು’ ಎಂದು ಒತ್ತಿದೆ. ಹೊಳೆಯಿತು. ಕಂಪ್ಯೂಟರಿಗೆ ಸಾಯುವುದು ಗೊತ್ತಿಲ್ಲ. ಅದು ಆ ವರ್ಷದಿಂದ ಈ ವರ್ಷಕ್ಕೆ ಲೆಕ್ಕ ಹಾಕಿ, ನನ್ನ ಹಸುಗೂಸನ್ನು ನಡುವಯಸ್ಸಿನ ಹೆಂಗಸು ಮಾಡಿ, ಸುಳ್ಯದ ಒಬ್ಬ ಮಾಸ್ಟ್ರನ್ನು ತೋರಿಸಿತು. ಹೆಂಡತಿ ತೀರಿಕೊಂಡು ಎರಡನೇ ಸಂಬಂಧ ಹುಡುಕುತ್ತಿದ್ದವರು, ಗಟ್ಟಿಮುಟ್ಟಾಗಿ ಬದುಕಿರುವವರು. ಇದು ಆಗುವುದಲ್ಲ ಎಂದು ಹಾಗೆಯೇ ಬಿಟ್ಟು ಕಾಫಿ ಕುಡಿಯಲು ಕೆಳಗೆ ಇಳಿದೆ. ಅಷ್ಟರಲ್ಲಿ ಒಳಗೆ ಬಂದ ಮಿಸ್ರಿಯಾ ಪರದೆ ನೋಡಿ, ಅಕ್ಕನಿಗೆ ನಂಬರ್ ಓದಲು ಕಷ್ಟ ಎಂದು ಉಪಕಾರಕ್ಕೆ ಅವರಿಗೆ ಫೋನ್ ಮಾಡಿ ವಿಷಯ ಹೇಳಿಬಿಟ್ಟಳು. ನಾನು ಮೆಟ್ಟಿಲು ಹತ್ತಿ ಬರುವಾಗ ಮಾಸ್ಟ್ರು ತಿರುಗಿ ನನಗೇ ಫೋನ್ ಮಾಡಿದರು.

“ಲೀಲಕ್ಕ, ಕೂಸು ಅಂತ ಹೇಳಿದ್ರಲ್ಲ, ಹೆಸರು ಚೆಂದ ಉಂಟು. ಒಂದು ಫೋಟೋ ಕಳಿಸ್ತೀರಾ?”

“ಫೋಟೋ ಇಲ್ಲ ಮಾಸ್ಟ್ರೇ.”

“ಪರವಾಗಿಲ್ಲ, ನಾನೇ ಬಂದು ನೋಡ್ತೇನೆ. ಈಗ ಎಲ್ಲಿದ್ದಾರೆ?”

“ಮಣ್ಣಿನಡಿಯಲ್ಲಿ.”

ಮಾಸ್ಟ್ರು ಮೆಲ್ಲಗೆ, “ನನಗೆ ಅಷ್ಟು ವಯಸ್ಸಾಯ್ತು ಅಂತ ಕಾಣ್ತದಾ ಲೀಲಕ್ಕ?” ಎಂದು ಕೇಳಿ ಫೋನ್ ಇಟ್ಟರು.

ಮಿಸ್ರಿಯಾ ನನ್ನ ಮುಖ ನೋಡಿದಳು. ಹೇಳಲೇಬೇಕಾಯಿತು, ಹೇಳಿದೆ. ಅವಳ ಕಣ್ಣಲ್ಲಿ ನೀರು ಬಂತು. “ಅಳುದು ಬೇಡ. ಇದನ್ನು ಸರಿ ಮಾಡ್ಲಿಕ್ಕೆ ಆಗ್ತದಾ ಹೇಳು” ಎಂದೆ.

“ನಮ್ಮಲ್ಲಿ ಈ ಕ್ರಮ ಇಲ್ಲ ಅಕ್ಕ.”

“ನಿಮ್ಮಲ್ಲಿ ಇಲ್ಲದಿದ್ರೆ ಬೇಡ. ಕಂಪ್ಯೂಟರಿಗೆ ಮಾಡ್ಲಿಕ್ಕೆ ಆಗ್ತದಾ?”

“ಅದಕ್ಕೆಂತ? ಒಂದು ಟಿಕ್ ಹಾಕುವ ಜಾಗ ಕೊಟ್ರೆ ಆಯ್ತು. ಟಿಕ್ ಇರುವವರಿಗೆ ಟಿಕ್ ಇರುವವರನ್ನೇ ತೋರಿಸ್ತದೆ.”

ಮಧ್ಯಾಹ್ನದೊಳಗೆ ಪೆಟ್ಟಿಗೆಯಲ್ಲಿ ಒಂದು ಸಣ್ಣ ಚೌಕ ಬಂತು, ಪಕ್ಕದಲ್ಲಿ ‘ತೀರಿಹೋದವರು’ ಎಂದು ಬರಹ. ನನ್ನ ತಲೆಯಲ್ಲಿದ್ದ ಸತ್ತವರನ್ನೆಲ್ಲ ನಾನು ಹೇಳುತ್ತಾ ಹೋದೆ, ಮಿಸ್ರಿಯಾ ಸೇರಿಸುತ್ತಾ ಹೋದಳು. ಕೊನೆಗೆ ನನ್ನದರ ಸರದಿ. “ಕೂಸು ಅಂತಲೇ ಇರ್ಲಾ ಅಕ್ಕ? ಅಥವಾ ತೀರಿಹೋದವರಿಗೆ ಹೆಸರು ಬೇಕೇ ಬೇಕು ಅಂತ ಇಲ್ಲದ ಹಾಗೆ ಮಾಡ್ಲಾ? ಖಾಲಿ ಇದ್ರೂ ‘ಸರಿ’ ಒತ್ಲಿಕ್ಕೆ ಆಗ್ತದೆ” ಎಂದಳು. ಬೇಡ ಎಂದೆ. ಆಗ ಇಡಬೇಕು ಎಂದುಕೊಂಡಿದ್ದ ಹೆಸರೊಂದಿತ್ತು, ಗೌರಿ. ಹೆಸರು ದಂಡ ಆಗುವುದು ಬೇಡ ಎಂದು ಅದನ್ನು ಆಮೇಲೆ ಹಟ್ಟಿಯ ಕರುವಿಗೆ ಇಟ್ಟಿದ್ದೆ. ಕರು ದೊಡ್ಡದಾಗಿ ಚೆನ್ನಾಗಿ ಹಾಲು ಕೊಟ್ಟಿತು, ಹಾಯುವ ಚಾಳಿ ಒಂದಿತ್ತು. ಈಗ ಆ ದನವೂ ಇಲ್ಲ, ಹೆಸರು ಸುಮ್ಮನೆ ಬಿದ್ದಿತ್ತು. ‘ಕೂಸು’ ಅಳಿಸಿ ಗೌರಿ ಎಂದು ನಾನೇ ಒತ್ತಿದೆ. ‘ಗ’ ಎಲ್ಲಿದೆ ಎಂದು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು.

ಅಲ್ಲಿಗೆ ಮುಗಿಯಲಿಲ್ಲ. ಗೌರಿಗೆ ಹಾಕಿದ ಟಿಕ್ ಆ ಚೌಕದಲ್ಲಿ ಹಾಗೆಯೇ ಉಳಿಯಿತು. ನನಗೆ ಅದು ಕಾಣಲಿಲ್ಲ. ಆಮೇಲೆ ಬಂದವರನ್ನೆಲ್ಲ, ಕುಂಬ್ರದ ಒಬ್ಬ ಎಲೆಕ್ಟ್ರಿಷಿಯನ್, ಸವಣೂರಿನ ಅಕ್ಕತಂಗಿಯರು, ತಾಯಿಯೊಡನೆ ಬಂದು ನನ್ನೆದುರೇ ಚಕ್ಕುಲಿ ತಿನ್ನುತ್ತಾ ಕೂತಿದ್ದ ಒಬ್ಬ ದಪ್ಪ ಹುಡುಗ, ಎಲ್ಲರನ್ನೂ ತೀರಿಹೋದವರ ಸಾಲಿಗೆ ಸೇರಿಸಿದೆ. ಸಂಜೆ ಮಿಸ್ರಿಯಾ ನೋಡುವಾಗ ಅರ್ಧ ತಾಲೂಕು ಮುಗಿದಿತ್ತು. ಅವಳು ಕೂತು ಹುಡುಕಿ ಕಾರಣ ಹಿಡಿದಳು. “ಪೆಟ್ಟಿಗೆ ಮುಚ್ಚಿದ ಹಾಗೆ ಕಾಣುದು ಮಾತ್ರ ಅಕ್ಕ. ಮುಚ್ಚುದಿಲ್ಲ, ಒಳಗೆ ಹೋಗಿ ಕೂತಿರ್ತದೆ. ಪುನಃ ಕರೆದ್ರೆ ಹಳೇ ಮುಖದಲ್ಲೇ ಬರ್ತದೆ. ಬರುವ ಮೊದಲು ಮುಖ ಒರೆಸ್ಕೊಂಡು ಬಾ ಅಂತ ಹೇಳ್ಬೇಕು.” ಹಾಗೆ ಹೇಳುವುದನ್ನು ಅವಳು ಬರೆದಳು. ಸತ್ತವರನ್ನು ಬದುಕಿಸುವ ಕೆಲಸ ನನ್ನದಾಯಿತು. ಏನಿಲ್ಲ, ಒಬ್ಬೊಬ್ಬರ ಹೆಸರು ತೆಗೆದು ಟಿಕ್ ಅಳಿಸಿದರೆ ಆಯಿತು. ಎಲೆಕ್ಟ್ರಿಷಿಯನ್ ಎದ್ದ, ಅಕ್ಕತಂಗಿಯರು ಎದ್ದರು, ದಪ್ಪ ಹುಡುಗ ಎದ್ದ. ಕೈ ಅದೇ ಓಟದಲ್ಲಿ ಮುಂದಿನ ಹೆಸರಿಗೆ ಹೋಯಿತು. ಮಿಸ್ರಿಯಾ ನನ್ನ ಮಣಿಗಂಟು ಹಿಡಿದು, “ಇದು ಬೇಡ ಅಕ್ಕ. ಇದಕ್ಕೆ ಟಿಕ್ ಇರ್ಬೇಕು” ಎಂದಳು.

ಗೌರಿಯ ಹೆಸರು. ಹೌದಲ್ಲ ಎಂದೆ.

ಗಂಡು ಸಿಕ್ಕಿತು. ಕಡಬದಿಂದ ಆಚೆ ಒಳಗೆ ಐತಪ್ಪಣ್ಣ ಎಂಬವರು, ಅವರ ತಮ್ಮ ಎಳವೆಯಲ್ಲೇ ತೋಡಿನ ನೀರಿಗೆ ಬಿದ್ದು ತೀರಿಹೋದವ. ಬಳಿ ಬೇರೆ, ವರ್ಷ ಹೊಂದುತ್ತದೆ. ಫೋನ್ ಮಾಡಿದೆ. “ಹುಡುಗಿ ಹೆಸರು ಎಂತ?” ಎಂದು ಅವರು ಮೊದಲು ಕೇಳಿದ್ದೇ ಅದನ್ನು. ಗೌರಿ ಎಂದು ತಡವರಿಸದೆ ಹೇಳಿದೆ, ಇಷ್ಟು ಕಾಲವೂ ದಿನಾ ಕರೆಯುತ್ತಿದ್ದ ಹಾಗೆ. ಮದುವೆ ಅವರ ಮನೆಯಲ್ಲೇ ಆಯಿತು. ಎರಡು ಮಣೆ, ಒಂದರ ಮೇಲೆ ಪಂಚೆ ಶಲ್ಯ, ಇನ್ನೊಂದರ ಮೇಲೆ ಸೀರೆ, ಬಳೆ, ಮಲ್ಲಿಗೆ. ಧಾರೆ ಎರೆದೆವು, ಪಾಯಸದ ಊಟ ಮಾಡಿದೆವು. ಎಲೆ ತೆಗೆಯುವ ಹೊತ್ತಿಗೆ ಐತಪ್ಪಣ್ಣನ ಹೆಂಡತಿ ಮಣೆಯ ಮೇಲಿದ್ದ ಸೀರೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, “ಸೀರೆ ಸ್ವಲ್ಪ ತೆಳು ಆಯ್ತಲ್ಲ ಲೀಲಕ್ಕ? ಪಂಚೆ ನಾವು ಒಳ್ಳೇದೇ ತಂದಿದ್ದೇವೆ” ಎಂದಳು.

“ಉಡುವವಳಿಗೆ ಭಾರ ಆಗ್ಬಾರ್ದು ಅಂತ ತೆಳು ತಂದದ್ದು” ಎಂದೆ. ಮಗ ಹಿಂದಿನಿಂದ ನನ್ನ ಸೆರಗು ಎಳೆದ.

ಮೊಮ್ಮಗಳಿಗೆ ಈಗ ಒಂದು ಸಂಬಂಧ ಬಂದಿದೆ, ಹುಡುಗ ಕುಡಿಯುತ್ತಾನಾ ಎಂದು ವಿಚಾರಿಸುವುದು ಬಾಕಿ ಉಂಟು. ಅದು ಗೌರಿಯ ದೆಸೆಯಿಂದ ಬಂತೋ, ಬರುವುದಿತ್ತು ಎಂದು ಬಂತೋ, ನಾನು ಹೇಳಲಾರೆ. ಗೌರಿಯ ಮದುವೆ ಮುಗಿಸಿ ಕೋಣೆಗೆ ಹೋದ ದಿನ ಮಿಸ್ರಿಯಾ, “ಅಕ್ಕ, ಮದುವೆ ಆಯ್ತಲ್ಲ, ಇನ್ನು ಹೆಸರು ತೆಗೀಬೇಕು. ಇಲ್ಲದಿದ್ರೆ ಪುನಃ ಗಂಡು ತೋರಿಸ್ತಾ ಇರ್ತದೆ” ಎಂದಳು. ತೆಗೆಯುವ ಗುಂಡಿ ಒತ್ತಿದೆ. ಪೆಟ್ಟಿಗೆ ಈ ಸಲ ಎಲ್ಲೂ ಅಡಗದೆ ನೇರ ಮುಂದೆ ಬಂದು ನಿಂತಿತು. ‘ಗೌರಿ. ಈ ಹೆಸರನ್ನು ತೆಗೆದುಹಾಕಬೇಕೇ? ತೆಗೆದರೆ ಮರಳಿ ಬರುವುದಿಲ್ಲ.’ ಕೆಳಗೆ ‘ಹೌದು’, ‘ಇಲ್ಲ’. ಎರಡೂ ಹೊಳೆಯುತ್ತಿದ್ದವು. ಬೇರೆಯವರ ಮಕ್ಕಳಿಗೆ ನಾನು ಇದನ್ನು ಓದದೆಯೇ ‘ಹೌದು’ ಒತ್ತುತ್ತೇನೆ. ಇದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಓದಿ ‘ಇಲ್ಲ’ ಒತ್ತಿದೆ.

“ತಪ್ಪಿ ಒತ್ತಿದ್ರಾ ಅಕ್ಕ?”

“ತಪ್ಪಿ ಅಲ್ಲ. ಇರ್ಲಿ ಅದು ಅಲ್ಲಿ.”

“ಯಾಕೆ?”

“ಗಂಡಿನ ಕಡೆಯವರು ಅಷ್ಟಕ್ಕಷ್ಟೆ ಮಾರಾಯ್ತಿ. ಸೀರೆ ತೆಳು ಅಂತಾರೆ. ಇದಕ್ಕಿಂತ ಒಳ್ಳೆಯ ಸಂಬಂಧ ಯಾವುದಾದ್ರೂ ಉಂಟಾ ನೋಡುವಾ.”

ಮಿಸ್ರಿಯಾ ತನ್ನ ಕ್ಲಾಸಿಗೆ ಹೋದಳು. ನನ್ನನ್ನು ಹಿಡಿದು ಮೆಟ್ಟಿಲಿಳಿಸಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ಕೋಣೆ ನನ್ನದೇ ಅಲ್ಲವೇ.