ನೆಂಟರು ಒತ್ತಬೇಡಿ

ಕೊಡಗಿನಲ್ಲಿ ನನ್ನ ಸೋದರತ್ತೆಗೆ ನೆಂಟರಲ್ಲದವರು ಅಂತ ಇದ್ದರೆ ಅದು ದುಬಾರೆಯ ಆನೆಗಳು ಮಾತ್ರ. ಅವುಗಳಲ್ಲೂ ಒಂದನ್ನು ಅದು ಮರಿಯಾಗಿದ್ದಾಗಿನಿಂದ ಬಲ್ಲೆ ಎಂದು ಅವರು ಹೇಳುವುದರಿಂದ ನಾನು ಪ್ರಮಾಣ ಮಾಡಲಾರೆ. ಸುಂಟಿಕೊಪ್ಪದಲ್ಲಿ ಬಸ್ಸು ಹತ್ತಿ ಪಕ್ಕದ ಸೀಟಿನವರನ್ನು "ನೀವು ಯಾವ ಮನೆಯವರು?" ಎಂದು ಕೇಳಿದರೆ ಮುಗಿಯಿತು, ಮಡಿಕೇರಿ ಮುಟ್ಟುವಷ್ಟರಲ್ಲಿ ಆ ಮನುಷ್ಯ ಅತ್ತೆಯ ಅಜ್ಜಿಯ ತಂಗಿಯ ಮೈದುನನ ಮೊಮ್ಮಗನಾಗಿ ಕೆಳಗಿಳಿಯುತ್ತಾನೆ. ಹತ್ತುವಾಗ ಪಾಪ, ಅವನು ಒಬ್ಬಂಟಿಯಾಗಿದ್ದ.

ಇಂಥವರು ಅಫಿಲಿಯೇಟ್ ಮಾರ್ಕೆಟಿಂಗಿಗೆ ಇಳಿದರೆ ಏನಾಗಬಹುದು? ನಾನು ಮೊದಲೇ ಯೋಚಿಸಬೇಕಿತ್ತು. ಯೋಚಿಸುವುದು, ಅದರಲ್ಲೂ ಕೆಟ್ಟದ್ದನ್ನೇ ಯೋಚಿಸುವುದು ನನ್ನ ಹುಟ್ಟುಗುಣ. ಆದರೆ ಅಂದು ಅತ್ತೆ ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ ಬಂದವರು ನನಗೆ ಯೋಚಿಸಲು ಸಮಯವನ್ನೇ ಕೊಡಲಿಲ್ಲ.

"ಕೂಸೇ, ನನಗೊಂದು ವೆಬ್‌ಸೈಟ್ ಮಾಡಿಕೊಡು."

"ಎಂತಕ್ಕೆ ಅತ್ತೆ?"

"ಹೇಳ್ಲಿಕ್ಕೆ. ಯಾವ ಬೂಟು ತಗೋಬೇಕು, ಯಾವ ಕೊಡೆ ತಗೋಬೇಕು ಅಂತ ಊರಿಗೆಲ್ಲ ಇಷ್ಟು ವರ್ಷ ಬಿಟ್ಟಿ ಹೇಳಿದ್ದಾಯ್ತಲ್ಲ. ಇನ್ನು ಬರೆದು ಹೇಳ್ತೇನೆ. ಓದಿದವರು ಕೆಳಗಿನ ಲಿಂಕ್ ಒತ್ತಿ ಸಾಮಾನು ತಗೊಂಡ್ರೆ ಕಂಪನಿಯವರು ನಂಗೆ ಕಮಿಷನ್ ಕೊಡ್ತಾರಂತೆ."

ಮಾತು ನಿಜ. ಮಳೆಗಾಲಕ್ಕೆ ಮುಂಚೆ ನಮ್ಮ ಸುತ್ತಿನ ಅರ್ಧ ಜನ ಅತ್ತೆಯನ್ನು ಕೇಳದೆ ಗಂಬೂಟು ಕೊಳ್ಳುವುದಿಲ್ಲ. ಮಡಿಕೇರಿಯ ಕಾಲೇಜಿನಲ್ಲಿ ಪಾಠ ಮಾಡಿ ಬಂದು ನಾನು ಸಂಜೆಗಳಲ್ಲಿ ಸೈಟು ಕಟ್ಟಲು ಕುಳಿತೆ. ನೋಂದಣಿ ಮಾಡುವಾಗ ಹೆಸರು ಕೇಳಿತು. ಅತ್ತೆಯ ಹೆಸರು ಟೈಪ್ ಮಾಡಿದೆ.

"ನಿನ್ನ ಅಪ್ಪನ ಹೆಸರು ಹಾಕ್ಲಿಕ್ಕಿಲ್ವಾ?"

"ಬೇಡ ಅತ್ತೆ."

"ನಂದು ಮಾತ್ರ ಸಾಕಾ?"

ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದ ಅತ್ತೆಗೆ ಮನೆ, ಕರೆಂಟು, ಗ್ಯಾಸು, ಪಡಿತರ ಚೀಟಿ ಎಲ್ಲವೂ ತಮ್ಮನ ಹೆಸರಿನಲ್ಲಿರುವುದು ಅಭ್ಯಾಸವಾಗಿಬಿಟ್ಟಿತ್ತು. ಪರದೆಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ತಮ್ಮ ಹೆಸರು ಬಂದಾಗ ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ನನ್ನ ಆತಂಕ ಶುರುವಾದದ್ದು ಅಲ್ಲಿಂದ. ಈ ಸೈಟು ಮುಚ್ಚಿದರೆ ಏನು ಗತಿ?

ಮುಚ್ಚುವುದಕ್ಕೆ ದಾರಿಯೂ ಇತ್ತು. ಯಾರೂ ಓದದೆ 'ಒಪ್ಪಿಗೆ' ಒತ್ತುವ ಕಂಪನಿಯ ನಿಯಮಾವಳಿಯನ್ನು ಅತ್ತೆ ನನ್ನಿಂದ ಸಾಲು ಸಾಲಾಗಿ ಕನ್ನಡ ಮಾಡಿಸಿ ಕೇಳಿದರು. ಆರು ತಿಂಗಳಲ್ಲಿ ಮೂರು ಮಾರಾಟವಾದರೂ ಆಗಬೇಕು, ಇಲ್ಲದಿದ್ದರೆ ಖಾತೆ ರದ್ದು, ಸೈಟೂ ಅಲ್ಲಿಗೆ ಮುಗಿದಂತೆ. ಇದಕ್ಕೆ ಅವರು ಹೆದರಲಿಲ್ಲ. ಎರಡನೆಯದಕ್ಕೆ ನೆಟ್ಟಗೆ ಕುಳಿತರು: ಖಾತೆದಾರರ ನೆಂಟರು ಆ ಲಿಂಕ್ ಒತ್ತಿ ಕೊಳ್ಳುವಂತಿಲ್ಲ.

"ನೆಂಟರು ಅಂದ್ರೆ ಎಲ್ಲಿವರೆಗೆ?"

"ಹತ್ತಿರದವರು ಇರಬೇಕು ಅತ್ತೆ."

"ಹತ್ತಿರ ಅಂದ್ರೆ? ಮದುವೆಗೆ ಕರೆಯುವಷ್ಟಾ, ಸಾವಿಗೆ ಕರೆಯದಿದ್ದರೂ ಹೋಗುವಷ್ಟಾ?"

ನನ್ನ ಸ್ನಾತಕೋತ್ತರ ಪದವಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಕಂಪನಿಗೇ ಬರೆದು ಕೇಳಿದೆ. 'ನಿಮ್ಮ ಪ್ರಶ್ನೆ ನಮಗೆ ಮುಖ್ಯ' ಎಂದು ಮರುಕ್ಷಣವೇ ಉತ್ತರ ಬಂತು. ಅದಾದಮೇಲೆ ನಮ್ಮ ಪ್ರಶ್ನೆ ಅವರಿಗೆ ಎಷ್ಟು ಮುಖ್ಯವಾಯಿತೋ ಗೊತ್ತಿಲ್ಲ, ಸುದ್ದಿಯೇ ಇಲ್ಲ. ಅತ್ತೆ ಕಾಯಲಿಲ್ಲ. ನೆಂಟಸ್ತಿಕೆಯ ಲೆಕ್ಕ ಸಿಗುವಷ್ಟು ದೂರದವರೆಲ್ಲ ನೆಂಟರೇ ಎಂದು ತೀರ್ಮಾನಿಸಿಬಿಟ್ಟರು. ಕೊಡಗಿನಲ್ಲಿ ಯಾರ ಲೆಕ್ಕ ತಾನೇ ಸಿಗುವುದಿಲ್ಲ?

ಅವರ ಮೊದಲ ಲೇಖನ ಗಂಬೂಟಿನ ಮೇಲೆ. ಹೀಗಿತ್ತು: 'ಈ ಬೂಟು ಚೆನ್ನಾಗಿದೆ. ಜಿಗಣೆ ಹತ್ತುವುದಿಲ್ಲ. ಆದರೆ ಹಳೆಯದು ತೂತಾಗದಿದ್ದರೆ ಹೊಸತು ಎಂತಕ್ಕೆ? ನನ್ನ ತಮ್ಮನ ಮಗಳು ಇದನ್ನು ಹಾಕಿ ತೋಟದಲ್ಲಿ ನಡೆದಿದ್ದಾಳೆ. ಅವಳು ಒಳ್ಳೆಯ ಹುಡುಗಿ, ಮಾತು ಕಮ್ಮಿ, ಬಲಗಾಲು ಸ್ವಲ್ಪ ದೊಡ್ಡದು.'

ನನ್ನ ಫೋಟೊವನ್ನೇ ಎಲ್ಲೂ ಹಾಕದವಳು ನಾನು. ಬಲಗಾಲಿನ ವಿಷಯ ಪ್ರಪಂಚಕ್ಕೆ ಬಹಿರಂಗವಾದದ್ದನ್ನು ಸ್ಟಾಫ್ ರೂಮಿನಲ್ಲಿ ಕುಳಿತು ಓದಿದೆ. ಎರಡೂ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡೆ. ಇನ್ನೂ ಕೆಳಗೆ, ಲಿಂಕಿನ ಪಕ್ಕದಲ್ಲೇ ಕೆಂಪು ಅಕ್ಷರದಲ್ಲಿ ಇತ್ತು: 'ನೆಂಟರು ಒತ್ತಬೇಡಿ. ಸಂಶಯ ಇದ್ದವರು ಫೋನ್ ಮಾಡಿ.' ಜೊತೆಗೆ ಅವರ ನಂಬರು.

"ಅತ್ತೆ, ನಂಬರು ಹೀಗೆ ಹಾಕಬಾರದು. ಕಳ್ಳರು, ಮೋಸಗಾರರು ಎಲ್ಲ ಫೋನ್ ಮಾಡ್ತಾರೆ."

"ಮಾಡ್ಲಿ. ಯಾವ ಮನೆ ಅಂತ ಕೇಳಿದ್ರೆ ಅವರೇ ಫೋನ್ ಇಡ್ತಾರೆ."

ಫೋನುಗಳು ಬಂದವು. ಶ್ರೀಮಂಗಲದ ಒಬ್ಬರು ತಲೆಗೆ ಕಟ್ಟುವ ಟಾರ್ಚು ಬೇಕೆಂದು ಮಾಡಿದರು. ಅತ್ತೆ ಸ್ಪೀಕರ್ ಹಾಕಿ, ಒಂದು ಕೈಯಲ್ಲಿ ತರಕಾರಿ ಹೆಚ್ಚುತ್ತಾ ವಿಚಾರಣೆ ನಡೆಸಿದರು. ಅಪ್ಪನ ಕಡೆ ಏನೂ ಸಿಗಲಿಲ್ಲ. ಅಮ್ಮನ ಕಡೆಯೂ ಇಲ್ಲ. ಒಂದು ಮಾರಾಟ ಆಗಿಯೇ ಹೋಯಿತು ಎಂದುಕೊಂಡೆ.

"ನಿಮ್ಮ ಹೆಂಡತಿ ಎಲ್ಲಿಯವಳು?"

ಆ ಮನುಷ್ಯ ಹೇಳಿದರು. ಅತ್ತೆ ಚಾಕು ಕೆಳಗಿಟ್ಟರು.

"ಅಯ್ಯೋ, ಅವಳ ದೊಡ್ಡಮ್ಮ ನಮ್ಮ ಚಿಕ್ಕಪ್ಪನ ಮನೆಗೆ ಬಂದ ಸೊಸೆಗೆ ಅಕ್ಕ ಆಗ್ಬೇಕಲ್ಲ. ನೀವು ಒತ್ತುವ ಹಾಗಿಲ್ಲ ಮಾರಾಯ್ರೆ."

"ನಾನು ದುಡ್ಡು ಕೊಟ್ಟೇ ತಗೊಳ್ಳೋದು ಅಕ್ಕ. ಕಂಪನಿಗೆ ಎಂತ ಗೊತ್ತಾಗ್ತದೆ?"

"ತಗೊಳ್ಳಿ, ಬೇಡ ಅನ್ನಲಿಲ್ಲ. ಅಂಗಡಿಯಲ್ಲಿ ತಗೊಳ್ಳಿ. ಹೆಂಡತಿ ಹತ್ರ ಫೋನ್ ಕೊಡಿ."

ಮುಂದಿನ ಅರ್ಧ ಗಂಟೆ ಅವರ ಹೆಂಡತಿಯ ಜೊತೆ. ಟಾರ್ಚಿನ ಮಾತೇ ಇಲ್ಲ.

ಇಷ್ಟಾಗಿಯೂ ಎರಡು ಮಾರಾಟಗಳಾದವು, ಎರಡೂ ಕೊಡೆಗಳು. ಫೋನ್ ಮಾಡದೆ ನೇರ ಒತ್ತಿದ ಪುಣ್ಯಾತ್ಮರು. ಕೊಂಡವರು ಯಾರೆಂದು ಕಂಪನಿ ತಿಳಿಸುವುದಿಲ್ಲ. ನಾನು ಸಂತೋಷಪಟ್ಟೆ, ಅತ್ತೆ ವಾರವಿಡೀ ಸಪ್ಪಗಿದ್ದರು. "ನಮ್ಮವರೇ ಯಾರಾದ್ರೂ ಸುಮ್ಮನೆ ಒತ್ತಿಬಿಟ್ರಾ ಕೂಸೇ?" ಎಂದು ಮದುವೆ ಮನೆಯಲ್ಲಿ ಸಿಕ್ಕಸಿಕ್ಕವರ ಕೊಡೆಗಳನ್ನು ಸಂಶಯದಿಂದ ನೋಡಿದರು.

ಮೂರನೆಯದು ಬರಲೇ ಇಲ್ಲ. ಗಡುವು ಹತ್ತಿರವಾದಂತೆ ನಾನು ಎರಡು ಪಿರಿಯಡ್‌ಗಳ ನಡುವೆ, ಬಸ್ಸಿನಲ್ಲಿ, ಅನ್ನ ಕಲಸುವಾಗ ಎಡಗೈಯಲ್ಲಿ, ಖಾತೆ ತೆರೆದು ನೋಡುತ್ತಿದ್ದೆ. ಅಪ್ಪನಿಗೂ ತಡೆಯಲಾಗಲಿಲ್ಲ.

"ಅಕ್ಕ, ನಾನೇ ಒಂದು ಕೊಡೆ ತಗೊಂಡ್ರೆ ಯಾರಿಗೆ ಗೊತ್ತಾಗ್ತದೆ?"

"ನಂಗೆ ಗೊತ್ತಾಗ್ತದಲ್ಲ," ಎಂದರು ಅತ್ತೆ. "ಸೈಟು ಯಾರ ಹೆಸರಲ್ಲಿರೋದು?"

ಅಪ್ಪ ಪೇಪರಿನ ಹಿಂದೆ ಮರೆಯಾದರು.

ಗಡುವಿನ ಹಿಂದಿನ ಭಾನುವಾರ ಮಧ್ಯಾಹ್ನ ಒಂದು ಫೋನು ಬಂತು. ಹುಡುಗಿಯ ದನಿ. "ನಮಸ್ಕಾರ್ರಿ. ನೆಂಟ್ರು ಒತ್ತಬ್ಯಾಡ್ರಿ ಅಂತ ಬರದೀರಲ್ರಿ, ನಾ ಹೌದೋ ಅಲ್ಲೋ ಕೇಳಾಕ ಮಾಡೀನ್ರಿ." ಕೊಪ್ಪಳದ ಕಡೆಯವಳು. ಶ್ರೀಮಂಗಲದ ಹತ್ತಿರದ ಶಾಲೆಗೆ ಟೀಚರಾಗಿ ಬರುವವಳಿದ್ದಳು. ಗಂಬೂಟು, ರೇನ್‌ಕೋಟು ಎರಡೂ ಬೇಕು.

ಅತ್ತೆ ಕುರ್ಚಿ ಎಳೆದುಕೊಂಡು ಕುಳಿತರು. ಅಪ್ಪನ ಊರು, ಅಮ್ಮನ ತವರು, ಅಜ್ಜಿಯ ತವರು. ಸೋದರಮಾವ ಎಲ್ಲಿಂದ ಹೆಣ್ಣು ತಂದ? ಕುಟುಂಬದಲ್ಲಿ ಯಾರಾದರೂ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರಾ, ಲೆಕ್ಕ ಬರೆದಿದ್ದರಾ? ಪ್ರತಿ ಪ್ರಶ್ನೆಗೂ "ಇಲ್ರಿ," "ಇಲ್ರಿ" ಎಂದು ಬರುತ್ತಿದ್ದಂತೆ ಅಪ್ಪ ಪೇಪರು ಕೆಳಗಿಟ್ಟರು. ಒಂದು ಎಳೆಯೂ ಇಲ್ಲ. ಅತ್ತೆಯ ಜೀವಮಾನದಲ್ಲಿ ಸಿಕ್ಕಿದ ಮೊದಲ ಅಪ್ಪಟ ಪರಕೀಯಳು.

"ಹಂಗಾರ ಒತ್ತಲೇನ್ರಿ?"

ಹೂಂ ಎನ್ನಿ ಎಂದು ನಾನು ಅತ್ತೆಗೆ ಜೋರಾಗಿ ತಲೆಯಾಡಿಸಿ ತೋರಿಸಿದೆ. ಅಪ್ಪ ಕೂಡ.

"ಇರಮ್ಮ. ಅಲ್ಲಿ ಯಾರ ಮನೆಯಲ್ಲಿ ಇರ್ತೀ?"

"ಬಾಡಿಗಿ ಖೋಲಿ ರೀ. ಒಬ್ಬಾಕೀನ."

"ಗೊತ್ತಿದ್ದವರು?"

"ಯಾರೂ ಇಲ್ರಿ." ಸ್ವಲ್ಪ ತಡೆದು ಹೇಳಿದಳು, "ಮಳಿ ಭಾಳ ಅಂತಾರಲ್ರಿ. ನಮ್ಮವ್ವ ಹೋಗಬ್ಯಾಡ ಅಂತ ಅಳಾಕತ್ಯಾಳ. ನನಗೂ ಅಂಜಿಕಿ ಐತ್ರಿ, ಆಕಿ ಮುಂದ ಹೇಳಿಲ್ಲ."

ಅತ್ತೆ ಬಾಗಿಲ ಬಳಿಯ ಗಂಬೂಟಿನ ಕಡೆ ನೋಡಿದರು.

"ಒತ್ತಬೇಡ," ಎಂದರು.

"ಯಾಕ್ರಿ?"

"ಬೂಟು, ರೇನ್‌ಕೋಟು ಇಲ್ಲೇ ಉಂಟು. ಬರುವಾಗ ಸುಂಟಿಕೊಪ್ಪದಲ್ಲಿ ಇಳಿ. ಊಟ ಮಾಡಿ, ಒಂದು ದಿವಸ ಇದ್ದು ಹೋಗು. ಅಮ್ಮನ ಹತ್ರ ಹೇಳು, ಅಲ್ಲಿ ಅತ್ತೆ ಮನೆ ಉಂಟು ಅಂತ."

ಫೋನು ಇಟ್ಟಮೇಲೆ ನನಗೆ ಅಳುವುದೋ ರೇಗುವುದೋ ತಿಳಿಯಲಿಲ್ಲ.

"ಅತ್ತೆ, ಅವಳು ನೆಂಟಳೇ ಅಲ್ಲವಲ್ಲ."

"ಆಗ ಅಲ್ಲ ಕೂಸೇ. ಈಗ ಹೌದು."

"ಮೊದಲು ಒತ್ತಿಸಿ ಆಮೇಲೆ ನೆಂಟಳನ್ನಾಗಿ ಮಾಡಿಕೊಳ್ಳಬಹುದಿತ್ತು."

"ಅವಳು ಅಂಜಿಕೆ ಅಂದಾಗಲೇ ಮನಸ್ಸಲ್ಲಿ ಮಾಡಿಕೊಂಡುಬಿಟ್ಟೆ. ಆಮೇಲೆ ಒತ್ತು ಅಂದ್ರೆ ಮೋಸ ಆಗ್ತದೆ."

ಖಾತೆ ರದ್ದಾದ ಮೇಲ್ ಬಂದದ್ದು ಆ ಹುಡುಗಿ ಬರುವ ದಿನವೇ. ಹೇಗೆ ಹೇಳುವುದೆಂದು ಬಾಗಿಲಲ್ಲಿ ನಿಂತು ತುಂಬ ಹೊತ್ತು ಯೋಚಿಸಿದೆ. ಒಳಗೆ ಅತ್ತೆ ಬೂಟಿನೊಳಕ್ಕೆ ಉಣ್ಣೆಯ ಕಾಲುಚೀಲ ತುರುಕುತ್ತಿದ್ದರು. ಪಕ್ಕದಲ್ಲಿ ಒಲೆಯ ಕಾವಿನಲ್ಲಿ ಬೆಚ್ಚಗೆ ಒಣಗಿಸಿದ ಕಂಬಳಿ, ಒಂದು ಬಾಟಲಿ ಜೇನು.

"ಅತ್ತೆ, ಅದು ಮುಚ್ಚಿತು," ಎಂದೆ.

ಅವರ ಕೈ ಬೂಟಿನೊಳಗೆ ಒಂದು ಕ್ಷಣ ನಿಂತಿತು.

"ಹೌದಾ," ಎಂದರು. ಕಾಲುಚೀಲವನ್ನು ತುದಿಯವರೆಗೂ ಒತ್ತಿದರು. "ಬಸ್ಸು ಕುಶಾಲನಗರ ಬಿಟ್ಟಿತಾ ಕೇಳು. ಮೋಡ ಆಗಿದೆ, ಆ ಕೂಸು ಕೊಡೆ ತಂದಿರ್ಲಿಕ್ಕಿಲ್ಲ."