ಚೆಂದದ ಬಾಟ್ಲಿ

ಕವಯಿತ್ರಿ ಬಾಟಲಿಯನ್ನು ಮೇಜಿನ ಮೇಲೆ ಇಟ್ಟ ರಭಸಕ್ಕೆ ದೀರ್ಘಣ್ಣನ ಕೆಂಪು ಪೆನ್ನು ಉರುಳಿ ಕೆಳಗೆ ಬಿತ್ತು.

"ತಗೊಳ್ಳಿ ಸಾರ್, ನಿಮಗೇ ಅಂತ ತಂದೆ. ನನ್ನ ಪುಸ್ತಕದಲ್ಲಿ ಒಂದೇ ಒಂದು ತಪ್ಪು ಉಳಿಸಲಿಲ್ಲ ನೀವು!"

ನೀಲಿ ಗಾಜಿನ, ಉದ್ದ ಕತ್ತಿನ ಬಾಟಲಿ. ಹೊಟ್ಟೆಯ ಮೇಲೆ ಬಂಗಾರದ ಬಣ್ಣದ ಹಕ್ಕಿ, ಹಕ್ಕಿಯ ಕೊಕ್ಕಿನಲ್ಲಿ ದ್ರಾಕ್ಷಿ ಗೊಂಚಲು. ಆ ದ್ರಾಕ್ಷಿ ಕಂಡೇ ದೀರ್ಘಣ್ಣನಿಗೆ ಅನುಮಾನ ಬಂತು.

"ಅಮ್ಮಾ, ಇದು ವೈನ್ ಅಲ್ವಾ?"

"ಹೌದಾ? ನಾನು ಹಕ್ಕಿ ನೋಡಿ ತಂದೆ. ಎಷ್ಟು ಮುದ್ದಾಗಿದೆ ನೋಡಿ! ಒಳಗೇನಿದ್ರೆ ಏನಂತೆ?"

ಒಳಗೇನಿದ್ದರೆ ಏನಂತೆ! ಈಕೆ ಕವಿತೆ ಬರೆಯುವುದೂ ಹೀಗೇ, ಎಂದುಕೊಂಡ ದೀರ್ಘಣ್ಣ. ಬೇಡ ಎಂದು ಬಾಯಿ ತೆರೆದದ್ದೇ ತಡ, ಆಕೆಯ ಮುಖ ಬಾಡಿತು. ಹೆಂಗಸರ ಬಾಡಿದ ಮುಖ ನೋಡಲಾರದ ಪ್ರಾಣಿ ಅವನು. "ಆಯ್ತು, ಇರ್ಲಿ" ಎಂದುಬಿಟ್ಟ. ಆಕೆ ಕೈಬೀಸಿ ಹೊರಟೇಹೋದರು.

ದೀರ್ಘಣ್ಣ ಎನ್ನುವುದು ಅವನ ಹೆತ್ತವರಿಟ್ಟ ಹೆಸರಲ್ಲ. ಅಚ್ಚುಕೂಟದಲ್ಲಿ ಕರಡು ತಿದ್ದುವುದು ಅವನ ಕೆಲಸ. ಬಿಟ್ಟುಹೋದ ಒಂದು ದೀರ್ಘಕ್ಕಾಗಿ ಒಮ್ಮೆ ಓಡುತ್ತಿದ್ದ ಯಂತ್ರವನ್ನೇ ನಿಲ್ಲಿಸಿದ ಮೇಲೆ ಎಲ್ಲರ ಬಾಯಲ್ಲೂ ಅದೇ ಹೆಸರು ನಿಂತಿತು. ಅವನ ಮೇಜು ಕಾಗದ ಕತ್ತರಿಸುವ ಯಂತ್ರದ ಪಕ್ಕದಲ್ಲೇ ಇತ್ತು. ಅದು ಬೆಳಗಿನಿಂದ ಸಂಜೆಯ ತನಕ ಧಡ್ ಧಡ್ ಎಂದು ಅವನ ತಲೆಯ ಮೇಲೇ ಬೀಳುತ್ತಿತ್ತು. ಮನೆಯಲ್ಲಿ ಹೆಂಡತಿ ಮೆಲ್ಲಗೆ ಮಾತಾಡಿದರೆ ಕೇಳಿಸುತ್ತಿರಲಿಲ್ಲ, ಜೋರಾಗಿ ಮಾತಾಡಿದರೆ ಜಗಳವಾಗುತ್ತಿತ್ತು.

ಬಾಗಿಲಿರುವ ಕೋಣೆ ಇದ್ದದ್ದು ಮುಖ್ಯ ತಿದ್ದುಗಾರರಿಗೆ ಮಾತ್ರ. ಹಿಂದಿನ ಮುಖ್ಯರು ಹಾಡಹಗಲೇ ಕುಡಿದು, 'ಅಧ್ಯಕ್ಷರ ಮಾತು' ಎಂಬುದನ್ನು 'ಅಧ್ಯಕ್ಷರ ಮುತ್ತು' ಎಂದು ಅಚ್ಚಿಗೆ ಬಿಟ್ಟು, ಕೆಲಸ ಕಳೆದುಕೊಂಡು ಮನೆ ಸೇರಿದ್ದರು. ಆ ಜಾಗ ಯಾರಿಗೆ ಎಂಬುದನ್ನು ಯಜಮಾನರು ಇವತ್ತೇ ಮಧ್ಯಾಹ್ನ ತೀರ್ಮಾನಿಸುವವರಿದ್ದರು. ಕುಡಿತವೆಂದರೆ ಅವರಿಗೆ ಮೈಯೆಲ್ಲ ಉರಿ. ಈ ಹಾಳು ಬಾಟಲಿ ನಾಳೆ ಬಂದಿದ್ದರೆ ಯಾರ ಗಂಟು ಹೋಗುತ್ತಿತ್ತು?

ಬಾಟಲಿಯನ್ನು ಮೇಜಿನ ಕೆಳಗೆ ತುರುಕುವಷ್ಟರಲ್ಲಿ ಬೈಂಡರ್ ಬಂದು ಬಗ್ಗಿ ನೋಡಿದ.

"ಏನ್ ದೀರ್ಘಣ್ಣಾ, ನೀವೂ ತಗೋತೀರಾ? ಒಂದ್ ದಿನಾನೂ ಬಾಯಿ ಬಿಡ್ಲಿಲ್ವಲ್ಲ!"

"ಅಯ್ಯೋ ಮಾರಾಯ, ಇಲ್ಲ! ಯಾರೋ ಕೊಟ್ಟಿದ್ದು."

"ಎಲ್ರೂ ಹಾಗೇ ಅನ್ನೋದು. ನಾನು ಯಾರಿಗೂ ಹೇಳಲ್ಲ, ಬಿಡಿ."

ಬೈಂಡರ್ ಹೇಳುವುದಿಲ್ಲ ಎಂದರೆ ಊರಿಗೆ ಡಂಗುರ ಸಾರಿದಂತೆಯೇ. ದೀರ್ಘಣ್ಣ ಅವನ ಕೈ ಹಿಡಿದುಕೊಂಡ. "ನಿನ್ನ ದಮ್ಮಯ್ಯ, ನೀನೇ ತಗೋ! ಈಗಲೇ ತಗೋ!"

"ರಾಮ ರಾಮ! ಕೆಲಸದ ಹೊತ್ತಲ್ಲಿ ಅವನಿಗೂ ಕಲಿಸ್ತಿದೀರಾ?" ಹಿಂದೆ ನಿಂತವರು ಅಕ್ಷರ ಜೋಡಿಸುವ ಅಕ್ಕ. ಇಡೀ ಅಚ್ಚುಕೂಟಕ್ಕೆ ಬುದ್ಧಿ ಹೇಳುವ ಗುತ್ತಿಗೆ ಅವರದೇ. ಬೈಂಡರ್ ಕೈ ಕೊಡವಿಕೊಂಡು ಜಾಗ ಖಾಲಿ ಮಾಡಿದ.

"ಅಕ್ಕಾ, ನನ್ನ ಮಾತು ಸ್ವಲ್ಪ ಕೇಳಿ..."

"ಬೇಡ. ಮನೇಲಿ ಏನು ಕಷ್ಟವೋ, ನಂಗ್ಯಾಕೆ? ಒಂದು ಮಾತು ಹೇಳ್ತೀನಿ. ಯಜಮಾನ್ರು ಕೇಳಿದ್ರೆ ತಡವರಿಸಬೇಡಿ. ಇಲ್ಲ ಅಂದ್ರೆ ಇಲ್ಲ ಅಷ್ಟೇ. ತಡವರಿಸಿದ್ರೋ, ಮುಗೀತು ಕತೆ."

ಇನ್ನು ಇದನ್ನು ಇಟ್ಟುಕೊಂಡರೆ ಉಳಿಗಾಲವಿಲ್ಲ. ದೀರ್ಘಣ್ಣ ಬಾಟಲಿಗೆ ಹಳೆಯ ಕರಡು ಹಾಳೆ ಸುತ್ತಿ, ಮಗುವನ್ನು ಎತ್ತಿಕೊಂಡವನಂತೆ ಎದೆಗವಚಿಕೊಂಡು ಬಚ್ಚಲಿಗೆ ಓಡಿದ. ಚೆಲ್ಲಿಬಿಟ್ಟರೆ ಪೀಡೆ ತೊಲಗುತ್ತದೆ. ಆದರೆ ಬಿರಡೆ ಜಪ್ಪಯ್ಯ ಅಂದರೂ ಬರಲಿಲ್ಲ. ಹಲ್ಲಿನಿಂದ ಕಚ್ಚಿದ, ಹಲ್ಲು ಅಲುಗಿತು. ಕೊನೆಗೆ ಸಿಟ್ಟು ನೆತ್ತಿಗೇರಿ ಜೇಬಿನಲ್ಲಿದ್ದ ಕತ್ತರಿಯ ತುದಿಯಿಂದ ಒಳಕ್ಕೇ ಅದುಮಿದ. ಬಿರಡೆ ಒಳಗೆ ಹೋಯಿತು, ವೈನ್ ಹೊರಗೆ ಚಿಮ್ಮಿತು. ಅಂಗಿ, ಮೀಸೆ, ಕನ್ನಡಕ, ಒಂದನ್ನೂ ಬಿಡಲಿಲ್ಲ. ಉಳಿದದ್ದನ್ನು ಮೋರಿಗೆ ಸುರಿದು, ಬಾಟಲಿಯನ್ನು ಕಸದ ಡಬ್ಬಿಗೆ ಎಸೆದು ಹೊರಗೆ ಬಂದ.

ಬಣ್ಣದ ಬಗ್ಗೆ ಯಾರೂ ಕೇಳಲಿಲ್ಲ, ಕೆಂಪು ಶಾಯಿ ಅವನ ಅಂಗಿಗೆ ಹೊಸದೇನಲ್ಲ. ವಾಸನೆಯ ವಿಷಯ ಹಾಗಲ್ಲವಲ್ಲ! ಅಕ್ಕ ಮೂಗಿಗೆ ಸೆರಗು ಹಿಡಿದರು. ಬೈಂಡರ್ ದೂರದಿಂದಲೇ, "ಅಷ್ಟನ್ನೂ ಒಬ್ರೇ?" ಎಂದು ಕಣ್ಣರಳಿಸಿದ. ಎದುರು ಮೇಜಿನ ಕಿರಿಯ ತಿದ್ದುಗಾರ, 'ಶ್ರೀ'ಗೂ ದೀರ್ಘ ಹಾಕದ ಮಹಾನುಭಾವ, ಮರುಕದಿಂದ ಒಂದು ಪೆಪ್ಪರ್‌ಮಿಂಟ್ ಕೊಟ್ಟ. ಅಷ್ಟರಲ್ಲಿ ಯಜಮಾನರ ಗಂಟೆ ಬಾರಿಸಿತು.

ದೀರ್ಘಣ್ಣ ಒಳಗೆ ಹೋಗಿ ಬಾಗಿಲಿಗೆ ಅಂಟಿಕೊಂಡು ನಿಂತ.

"ಹತ್ತಿರ ಬನ್ನಿ."

"ಇಲ್ಲೇ ಇರ್ತೀನಿ ಸಾರ್."

ಯಜಮಾನರು ಕರವಸ್ತ್ರದಿಂದ ಮೂಗು ಒರೆಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಹಿಂದಿನವರ ಕತೆ ನಿಮಗೆ ಗೊತ್ತೇ ಇದೆ. ಅದಕ್ಕೇ ಸುತ್ತಿ ಬಳಸಿ ಮಾತು ಬೇಡ. ನೇರವಾಗಿ ಹೇಳಿ, ನೀವು ತಗೋತೀರಾ?"

ಮುಗಿಯಿತು! ಆ ಬೈಂಡರ್ ಊದಿಯೇಬಿಟ್ಟ! ದೀರ್ಘಣ್ಣ ತಡವರಿಸಲಿಲ್ಲ.

"ಇಲ್ಲ ಸಾರ್! ತಗೊಳಲ್ಲ!"

ಯಜಮಾನರ ಹುಬ್ಬು ಮೇಲೇರಿತು. "ಅಲ್ರೀ, ಮೊದಲು ಸ್ವಲ್ಪ ದಿನ ನೋಡಿ. ಒಗ್ಗಿದ್ರೆ ಮುಂದುವರಿಸಿ."

ಓಹೋ, ಪರೀಕ್ಷೆ ಮಾಡುತ್ತಿದ್ದಾರೆ! ದೀರ್ಘಣ್ಣನ ದನಿ ತಾರಕಕ್ಕೇರಿತು. "ಒಂದು ದಿನಕ್ಕೂ ಬೇಡ ಸಾರ್! ಜನ್ಮದಲ್ಲಿ ತಗೊಂಡಿಲ್ಲ, ತಗೊಳೋದೂ ಇಲ್ಲ! ಮುಟ್ಟಿದವರೆಲ್ಲ ಹಾಳಾಗಿಹೋದ್ರು!"

"ಮನೆಯವರನ್ನಾದ್ರೂ ಒಂದು ಮಾತು ಕೇಳಿ."

"ಅವಳು ಹೊಸಲು ದಾಟೋಕೆ ಬಿಡಲ್ಲ ಸಾರ್!"

ಯಜಮಾನರು ನಿಟ್ಟುಸಿರು ಬಿಟ್ಟರು. "ಸರಿ. ಬಲವಂತ ಮಾಡಲ್ಲ. ಎದುರು ಮೇಜಿನವರನ್ನ ಕಳಿಸಿ."

ಗೆದ್ದೆ ಎಂದುಕೊಂಡು ದೀರ್ಘಣ್ಣ ಬೆವರು ಒರೆಸುತ್ತ ಬಂದು ಕೂತ. ಕಿರಿಯ ತಿದ್ದುಗಾರ ಒಳಗೆ ಹೋದ. ಹೋದಷ್ಟೇ ಬೇಗ ಹೊರಗೆ ಬಂದ, ಕೈಯಲ್ಲಿ ಕೋಣೆಯ ಬೀಗದ ಕೈ.

"ಅಲ್ಲ ದೀರ್ಘಣ್ಣಾ, ನೀವ್ಯಾಕೆ ಬೇಡ ಅಂದ್ರಿ? ಯಜಮಾನ್ರು ನೊಂದ್ಕೊಂಡ್ರು ಪಾಪ."

"ಏನನ್ನ ಬೇಡ ಅಂದೆ?"

"ಇನ್ನೇನು, ಮುಖ್ಯರ ಜಾಗಾನ! ತಗೋತೀರಾ ಅಂತ ಮೊದ್ಲು ನಿಮ್ಮನ್ನೇ ಕೇಳಿದ್ರಂತೆ. ನನ್ನ ಕೇಳಿದ್ರು, ತಗೋತೀನಿ ಅಂದೆ."

ದೀರ್ಘಣ್ಣ ತನ್ನ ಅಂಗಿಯನ್ನು ಮೂಸಿ ನೋಡಿಕೊಂಡ. "ಮತ್ತೆ... ಅವರಿಗೆ ವಾಸನೆ?"

"ಯಾವ ವಾಸನೆ? ಅವ್ರಿಗೆ ನೆಗಡಿಯಾಗಿ ಮೂಗೇ ಕಟ್ಟಿದೆ."

ಪಕ್ಕದಲ್ಲಿ ಯಂತ್ರ ಧಡ್ ಎಂದು ಬಿತ್ತು. ದೀರ್ಘಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. ಮನೆಗೆ ಹೋಗಿ ಹೆಂಡತಿಗೆ ಯಾವ ಬಾಯಲ್ಲಿ ಹೇಳುವುದು? ಅದನ್ನು ಕಂಡು ಅಕ್ಕ ಕರಗಿ, ಹತ್ತಿರ ಬಂದು ಬೆನ್ನು ತಟ್ಟಿದರು.

"ಒಳಗೆ ನೀವು ಕೂಗಿ ಹೇಳಿದ್ದು ಇಲ್ಲೀತನಕ ಕೇಳಿಸ್ತು. ಗಂಡಸು ಅಂದ್ರೆ ಹೀಗಿರಬೇಕು."

"ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅಕ್ಕಾ," ಎಂದ ದೀರ್ಘಣ್ಣ ಅಳುಮೋರೆ ಮಾಡಿಕೊಂಡು.

"ಬರದೇ ಇದ್ದದ್ದೇ ಒಳ್ಳೇದಾಯ್ತು ಬಿಡಿ. ಒಂದ್ಸಲ ರುಚಿ ಹತ್ತಿದ್ರೆ ಬಿಡೋದು ಕಷ್ಟ!"