ಭಾವನ ಟ್ರಾನ್ಸ್‌ಮಿಟರ್, ಅಕ್ಕನ ಮೊಸರು

ಮನುಷ್ಯ ಆಕಾಶದ ಕಡೆಗೆ ತಲೆಯೆತ್ತಿದ ದಿನವೇ ಅವನ ಏಳಿಗೆ ಶುರುವಾಯಿತೆಂದು ತಿಳಿದವರು ಹೇಳುತ್ತಾರೆ. ನಮ್ಮ ಭಾವನವರಿಗೆ ತಲೆಯೆತ್ತಿದ್ದರಿಂದ ಶುರುವಾದದ್ದು ಕತ್ತುನೋವು.

ಎಪ್ಪತ್ತರ ದಶಕದ ಮಾತು. ಕಡಲಾಚೆಯ ಲೊಂಬಾರ್ಡ್ ಎಂಬ ಊರಿನ ಅಪಾರ್ಟ್‌ಮೆಂಟಿನಲ್ಲಿ ಅಕ್ಕ, ಭಾವ, ಅವರ ಸೋಫಾದ ಮೇಲೆ ನಾನು. ಭಾನುವಾರ ಬಂತೆಂದರೆ ಭಾವ ನಮ್ಮನ್ನು ಪಕ್ಕದೂರು ಲೈಲ್ ಬಳಿಯ ಬಯಲಿಗೆ ಎಳೆದೊಯ್ದು ಮೊಳದುದ್ದದ ರಟ್ಟಿನ ರಾಕೆಟ್ ಹಾರಿಸುತ್ತಿದ್ದರು. ಅದರ ಮೂತಿಯೊಳಗೆ ಅವರೇ ಬೆಸುಗೆ ಹಾಕಿದ, ಹೆಬ್ಬೆರಳಿನಷ್ಟು ಟ್ರಾನ್ಸ್‌ಮಿಟರ್. ಅದರ ಕೀಕ್ ಕೀಕ್ ಸದ್ದು ಭಾವನ ಕೈಯಲ್ಲಿದ್ದ ವಾಕಿಟಾಕಿಯಲ್ಲಿ ಕೇಳುತ್ತಿತ್ತು. ಬೆಚ್ಚಗಾದರೆ ಬೇಗ ಬೇಗ, ತಣ್ಣಗಾದರೆ ನಿಧಾನ.

“ಮೇಲೆ ಬಹಳ ಚಳಿ,” ಎಂದು ಭಾವ ಗಂಭೀರವಾಗಿ ಘೋಷಿಸುವರು.

“ಕೆಳಗೂ ಚಳೀನೇ ಕಣ್ರೀ. ಇದನ್ನ ಹೇಳೋಕೆ ರಾಕೆಟ್ ಬೇಕಿತ್ತಾ?” ಎನ್ನುವಳು ಅಕ್ಕ.

ಒಮ್ಮೆ ಅದೇ ಚಾನೆಲ್ಲಿನಲ್ಲಿ ಯಾರೋ ಟ್ರಕ್ ಡ್ರೈವರ್ ಈ ಕೀಕ್ ಏನೆಂದು ಕೇಳಿಬಿಟ್ಟ. ಭಾವ ಅವನಿಗೆ ವಾಯುಮಂಡಲದ ಬಗ್ಗೆ ಸವಿಸ್ತಾರವಾಗಿ ತಿಳಿಸಿಕೊಟ್ಟರು. ಆಮೇಲೆ ಆತನ ದನಿ ಕೇಳಲಿಲ್ಲ.

ಚಳಿಗಾಲಕ್ಕೆ ರಾಕೆಟ್ ಮೂಲೆ ಸೇರಿತು, ಟ್ರಾನ್ಸ್‌ಮಿಟರ್ ಅಡುಗೆಮನೆ ಸೇರಿತು. ಅಲ್ಲಿ ಅಕ್ಕನ ಮೊಸರಿಗೆ ಆಧಾರ, ಅವಳು ಡೆಟ್ರಾಯಿಟ್‌ನ ಗೆಳತಿಯ ಮನೆಯಿಂದ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದ ಹೆಪ್ಪು. ಆ ಚಳಿಗೆ ಹಾಲು ಮೊಸರಾಗಲು ಒಪ್ಪದ್ದರಿಂದ ಪಾತ್ರೆಯನ್ನು ಆಗಷ್ಟೇ ಆರಿಸಿದ ಬೆಚ್ಚನೆಯ ಓವನ್ನಿನೊಳಗೆ ಇಡುತ್ತಿದ್ದಳು. ಭಾವ ಪಾತ್ರೆಗೆ ಟ್ರಾನ್ಸ್‌ಮಿಟರ್ ಕಟ್ಟಿ, ತಂತಿಯನ್ನು ಬಾಗಿಲ ಸಂದಿಯಿಂದ ಹೊರಬಿಟ್ಟು, ಹಾಲ್‌ನಲ್ಲಿ ಕೂತು ಮೊಸರನ್ನು ಆಲಿಸತೊಡಗಿದರು. ಮೊಸರನ್ನು ಕಿವಿಯಿಂದ ಅನುಭವಿಸಿದ ಕನ್ನಡಿಗರು ಬೇರೆ ಯಾರಿದ್ದಾರೆ?

“ಅದಕ್ಕೂ ಕೌಂಟ್‌ಡೌನ್ ಮಾಡ್ಬೇಡಿ, ಹೆದರಿ ಒಡೆದುಹೋಗತ್ತೆ,” ಅಂದಳು ಅಕ್ಕ.

ಮರುವರ್ಷ ಅಕ್ಕ ಕಾಯಿಲೆ ಬಿದ್ದು ಡೌನರ್ಸ್ ಗ್ರೋವ್ ಕಡೆಯ ಆಸ್ಪತ್ರೆ ಸೇರಿದಳು. ಅಲ್ಲಿಯ ಊಟ ಒಳಗೆ ಹೋಗುತ್ತಿರಲಿಲ್ಲ. ತನ್ನ ಮನೆಯ ಮೊಸರನ್ನವಾದರೆ ನಾಲ್ಕು ತುತ್ತು. ಈಗ ಹೆಪ್ಪು ಹಾಕುವ ಕೆಲಸ ಭಾವನದು. ಟ್ರಾನ್ಸ್‌ಮಿಟರ್ ಹೇಳಿದಂತೆ ಹಾಲು ಕಾಯಿಸಿದರು, ಕೆಟ್ಟಿತು. ಇನ್ನೊಮ್ಮೆ ಕಾಯಿಸಿದರು, ಒಡೆಯಿತು.

“ಹೆಪ್ಪು ಉಳಿದಿದೆಯಾ?” ಅಕ್ಕನ ದನಿ ಸಣ್ಣಗಾಗಿತ್ತು.

“ಒಂದು ಚಮಚ ಇದೆ.”

“ಬೆರಳು ಅದ್ದಿ ನೋಡಿ ಹಾಕಿ. ರೇಡಿಯೋ ಕೇಳ್ಬೇಡಿ.”

ಆ ಸಂಜೆ ಭಾವ ಬೆರಳು ಅದ್ದಿದರು, ಆರುವವರೆಗೆ ಕಾದರು, ಮತ್ತೆ ಅದ್ದಿದರು. ಕೊನೆಯ ಚಮಚ ಹಾಕಿದರು. ಆಮೇಲೆ ನನ್ನ ಕಡೆ ನೋಡದೆ ಟ್ರಾನ್ಸ್‌ಮಿಟರನ್ನೂ ಕಟ್ಟಿದರು.

ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ನಾವು ಹೊರಟಾಗ ವಾಕಿಟಾಕಿ ಮೇಜಿನ ಮೇಲೆ ಕೀಕ್ ಅನ್ನುತ್ತಲೇ ಇತ್ತು.

ಅಕ್ಕನಿಲ್ಲದೆ ಮರಳಿ ಬಂದ ಮೇಲೆ ಭಾವ ಅಡುಗೆಮನೆಯ ಹೊಸ್ತಿಲಲ್ಲೇ ನಿಂತರು. “ನೀನೇ ತೆಗೆದು ನೋಡಯ್ಯ,” ಅಂದರು.

ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು.